ಶಂಖ ಊದಬಾರದೆಂದು ಹೊರಟ ಶಾಸನ

ಒಂದು ಹೊರೆ ಸೌದೆಗೆ ನಾಲ್ಕು ಕಾಸು. ಒಂದು ಸೇರು ದೀಪದೆಣ್ಣೆಗೆ ಆರು ಕಾಸು. ಅರಮನೆಗೆ ಅರ್ಜಿ ಕೊಡಲು ಒಂಬತ್ತು ಕಾಸು; ಕೊಟ್ಟ ಅರ್ಜಿಯನ್ನು ಯಾರಾದರೂ ಓದಬೇಕೆಂದರೆ ಮತ್ತೆ ಒಂಬತ್ತು. ಕುಡಿಯುವ ನೀರು ಪುಕ್ಕಟೆ. ದರಗಳು ಹೀಗಿದ್ದ ಕಾಲದಲ್ಲಿ, ಅಂದರೆ ಬಹಳ ಬಹಳ ಹಿಂದೆ, ಶಿಲಾಭದ್ರವೆಂಬ ರಾಜ್ಯವೊಂದು ಇತ್ತು.

ನೀರು ಪುಕ್ಕಟೆಯಾಗಿದ್ದುದಕ್ಕೆ ಅರಮನೆಯ ಔದಾರ್ಯ ಕಾರಣವಲ್ಲ. ಊರ ಮುಂದೆ ಒಂದು ಕೆರೆ ಇತ್ತು, ಕೆರೆಗೊಬ್ಬ ನೀರಗಂಟಿ ಇದ್ದಳು. ತೂಬು ಎತ್ತುವುದು, ಇಳಿಸುವುದು, ಯಾರಿಗೆ ಎಷ್ಟು ನೀರು ಎಂದು ನೋಡಿಕೊಳ್ಳುವುದು ನೀರಗಂಟಿಯ ಕೆಲಸ. ಗಂಡ ತೀರಿಕೊಂಡ ಮೇಲೆ ಆ ಕೆಲಸ ಚಿಕ್ಕತಾಯಮ್ಮನ ಪಾಲಿಗೆ ಬಂದಿತ್ತು. ಕೆರೆಗೆ ಹದಿನಾಲ್ಕು ಮೆಟ್ಟಿಲು. ಒಂದು ಮೆಟ್ಟಿಲು ನೀರು ಊರಿಗೆ ಎಂಟು ದಿನ. ಬೇಸಿಗೆ ನೂರು ದಿನ. ಉಳಿಯುವ ಹನ್ನೆರಡು ದಿನದ ನೀರು ಎಮ್ಮೆಗಳಿಗೆ, ಮದುವೆಗಳಿಗೆ, ಬಂದು ಹೋಗುವ ನೆಂಟರಿಗೆ. ಚಿಕ್ಕತಾಯಮ್ಮನಿಗೆ ಗೊತ್ತಿದ್ದ ಗಣಿತ ಇಷ್ಟೇ. ಆಸ್ಥಾನದಲ್ಲಿ ಹದಿನೇಳು ಮಂದಿ ಗಣಿತಜ್ಞರಿದ್ದರು. ಅವರಾರಿಗೂ ಇಷ್ಟು ಗೊತ್ತಿರಲಿಲ್ಲ.

ರಾಜ್ಯವನ್ನು ಆಳುತ್ತಿದ್ದವನು ಶ್ರೀಮನ್ಮಹಾರಾಜಾಧಿರಾಜ ವಾಕ್ಪ್ರತಾಪ ಭೂಪತಿ. ದುಷ್ಟನಲ್ಲ. ಯಾರನ್ನೂ ಸುಮ್ಮಸುಮ್ಮನೆ ಗಲ್ಲಿಗೇರಿಸಿದವನಲ್ಲ. ಅವನಿಗಿದ್ದದ್ದು ಮಾತಿನ ಚಟವೊಂದೇ. ಅವನ ಅಜ್ಜನ ಕಾಲದಲ್ಲಿ ಒಮ್ಮೆ ರಾಜಭಾಷಣದ ನಡುವೆ ಯಾರೋ ರಾಗಿ ಬೀಸಿದ ಸದ್ದು ಕೇಳಿತಂತೆ. ಅಂದಿನಿಂದ ಸ್ತಬ್ಧಸೇವೆ ಎಂಬ ಪದ್ಧತಿ ಜಾರಿಗೆ ಬಂದಿತ್ತು. ರಾಜಶಂಖ ಊದಿದ ಕೂಡಲೇ, ಅದು ಕೇಳುವಷ್ಟು ದೂರ ಇರುವವರೆಲ್ಲ ಇದ್ದಲ್ಲೇ ಇದ್ದ ಹಾಗೆಯೇ ನಿಲ್ಲಬೇಕು; ದೊರೆಯ ಮಾತು ಮುಗಿದು ಎರಡನೇ ಶಂಖ ಊದುವ ತನಕ ಬೆರಳೂ ಅಲ್ಲಾಡಿಸಬಾರದು. ಶಿಲಾಭದ್ರದಲ್ಲಿ ಒಂದೇ ಕಡೆ ಮೀಸೆಯಿರುವ ಗಂಡಸರು ಬಹಳ. ಹೆಂಚಿನ ಮೇಲೆ ಕರಿಯಾಗದ ದೋಸೆ ತಿಂದವರು ಕಡಿಮೆ. ಎರಡು ಗಂಟು ಬಿದ್ದು ಮೂರನೆಯದಕ್ಕೆ ಮಧ್ಯಾಹ್ನದ ತನಕ ಕಾದ ಮದುವೆಗಳೂ ಇದ್ದವು. ಒಮ್ಮೆ ಒಂದು ಕೂಸು ನಿಯಮ ತಿಳಿಯದೆ ಭಾಷಣದ ಮಧ್ಯೆ ಹುಟ್ಟಿಬಿಟ್ಟಿತು; ಪಾಪ, ಹೆಸರಿಡುವ ಮೊದಲೇ ದಂಡ ಕಟ್ಟಬೇಕಾಯಿತು.

ಇನ್ನೊಂದು ನಿಯಮವೂ ಇತ್ತು. ದೊರೆಯ ಆಜ್ಞೆ ಏನೇ ಇರಲಿ, ಬರೆದರೆ ಸಾಲದು. ದೊರೆಯ ಸಮ್ಮುಖದಲ್ಲಿ ಗಟ್ಟಿಯಾಗಿ ಓದಬೇಕು. ಓದದ ಶಾಸನ ಬರಿಯ ತಾಳೆಗರಿ.

ಪ್ರತಿ ಮನೆಯ ಅಡುಗೆಕೋಣೆಯಲ್ಲೂ ದೊರೆಯ ಚಿತ್ರಪಟ ಇರಬೇಕೆಂದು ಅಂಥದೇ ಒಂದು ಶಾಸನವಿತ್ತು. ಸೌದೆಯ ಹೊಗೆಗೆ ಪಟಗಳು ಕಪ್ಪಾದವು. ಮೊದಲು ಕಿರೀಟ ಮಾಯವಾಯಿತು, ಆಮೇಲೆ ಮುಖ. ಒಂದು ಮನೆಯಲ್ಲಂತೂ ಹೆಂಗಸು ಮರೆತು ದೊರೆಯ ಪಟದ ಮೇಲೆ ಬಾಣಲೆ ನೇತುಹಾಕಿದ್ದಳು. ತಪಾಸಣೆಯ ವರದಿ ಬಂದ ದಿನ ದೊರೆ ಊಟ ಬಿಟ್ಟ.

"ಪ್ರಭು, ಹೊಗೆಯಿಲ್ಲದ ಬೆಂಕಿ ಬೇಕು. ಅದು ತಮ್ಮ ಕಾಲಡಿಯಲ್ಲೇ ಇದೆ," ಎಂದ ಮಹಾಮಂತ್ರಿ ಅನುಮೋದನಾಚಾರ್ಯ. ದೊರೆ ಏನೆಂದರೂ ಹೌದೆನ್ನುವುದು ಅವನ ಖಾತೆ. ಆ ಖಾತೆಯಲ್ಲಿ ಅವನಷ್ಟು ಸಾಧನೆ ಮಾಡಿದವರು ಹಿಂದೆ ಯಾರೂ ಇರಲಿಲ್ಲ.

ಕಾಲಡಿಯ ವಿಚಾರ ಹೀಗೆ. ದೊರೆಯ ತಂದೆ ಪಾತಾಳಲೋಕದೊಂದಿಗೆ ರಾಜತಾಂತ್ರಿಕ ಸಂಬಂಧ ಬೆಳೆಸಲೆಂದು ಒಂದು ಹರದಾರಿ ಆಳದ ಕೊಳವೆಬಾವಿ ಕೊರೆಸಿದ್ದ. ಪಾತಾಳದವರು ಉತ್ತರ ಕೊಡಲಿಲ್ಲ. ಕೊಳವೆಯಿಂದ ಆಗೊಮ್ಮೆ ಈಗೊಮ್ಮೆ ಪುಸ್ಸೆಂದು ಗಾಳಿ ಬರುತ್ತಿತ್ತು. ಯಾರೋ ಬೀಡಿ ಹಚ್ಚಿದಾಗ ಅದು ಉರಿಯುವ ಗಾಳಿಯೆಂದು ತಿಳಿಯಿತು. ಹಚ್ಚಿದವನ ಹುಬ್ಬು ಆಮೇಲೆ ಬೆಳೆಯಲಿಲ್ಲ.

ಆ ಬಾವಿ ಕೊರೆದ ಮೇಸ್ತ್ರಿ ಜವರಯ್ಯನಿಗೆ ಅರಮನೆಯಿಂದ ಕರೆ ಹೋಯಿತು. ಸಭೆಯಲ್ಲಿ ನಿಂತು ಕೈಮುಗಿದ ಮೇಸ್ತ್ರಿ ಸುತ್ತಿಬಳಸದೆ ಹೇಳಿದ:

"ಗಾಳಿ ಅದೆ ಬುದ್ಧಿ. ಬೇಕಾದಷ್ಟು ಅದೆ. ಆದ್ರೆ ಕಲ್ಲು ಬೋ ಬಿಗಿ."

"ನಮ್ಮ ಆಳ್ವಿಕೆಯಲ್ಲಿ ಎಲ್ಲವೂ ಬಿಗಿ," ಎಂದ ದೊರೆ ಮೆಚ್ಚುಗೆಯಿಂದ.

"ಹೌದು ಪ್ರಭು," ಎಂದ ಮಹಾಮಂತ್ರಿ.

"ಅಂಗಲ್ಲ ಬುದ್ಧಿ. ಕಲ್ಲಿನ ಸಣ್ಣ ಸಣ್ಣ ತೂತೊಳಗೆ ಗಾಳಿ ಸಿಕ್ಕಾಕೊಂಡದೆ. ಒಂದು ತೂತಿಂದ ಇನ್ನೊಂದಕ್ಕೆ ದಾರಿ ಇಲ್ಲ. ಮುಚ್ಚಳ ಬಿಗಿದ ಗಡಿಗೇಲಿ ಹಬೆ ಕುದೀತಾ ಕೂತಂಗೆ ಕೂತದೆ. ನಾವು ಮ್ಯಾಲಿಂದ ಅದಕ್ಕಿಂತ ಜೋರಾಗಿ ನೀರು ನುಗ್ಗಿಸಿ ಕಲ್ಲ ಸೀಳಬೇಕು. ಸೀಳು ಬಿಟ್ರೆ ಮತ್ತೆ ಮುಚ್ಕತದೆ. ಅದು ಮುಚ್ಕಳ್ದಂಗೆ ಸಂದೀಗೆ ಮಣಿ ಸಿಕ್ಕಿಸಬೇಕು."

"ನವರತ್ನದ ಮಣಿಯೋ?" ಮಹಾಮಂತ್ರಿಯ ಕಣ್ಣು ಅರಳಿತು. ಟೆಂಡರು ಅವನ ಮುಖದ ಮೇಲೇ ಮೂಡಿತ್ತು.

"ಸುಟ್ಟ ಮಣ್ಣಿನ ಮಣಿ ಸ್ವಾಮಿ. ಸಾಸಿವೆ ಕಾಳಷ್ಟು. ಹೊಳೆ ಮರಳು ಹಾಕಿದ್ರೆ ಆ ಆಳದ ಭಾರಕ್ಕೆ ಹಿಟ್ಟಾಗೋಯ್ತದೆ. ಬರೀ ನೀರು ಮಣಿ ಹೊರಾಕಿಲ್ಲ, ಗೋರಿಕಾಯಿ ಬೀಜದ ಹಿಟ್ಟು ಕಲಸಿ ಗಂಜಿ ಮಾಡಬೇಕು. ಇಷ್ಟಾದ್ರೆ ಉರಿಗಾಳಿ ಬತ್ತದೆ."

ದೊರೆ ಸಿಂಹಾಸನದ ಅಂಚಿಗೆ ಸರಿದ. "ಎಷ್ಟು ಬರುತ್ತದೆ?"

"ಮನೆಮನೆ ಒಲೆಗೂ ಸಾಕು. ಮಿಕ್ಕಿದ್ದರಲ್ಲಿ ಯಂತ್ರ ಓಡಿಸಿ ಬೆಟ್ಟದಾಚೆ ಹೊಳೆಯಿಂದ ಕೆರೆಗೆ ನೀರೂ ಎತ್ತಬೋದು. ಆದ್ರೆ ಬುದ್ಧಿ, ಒಂದು ಮಾತು. ಶುರು ಮಾಡಿದ್ ಮ್ಯಾಲೆ ನಿಲ್ಲಿಸಬಾರದು. ಅರ್ಧದಲ್ಲಿ ನಿಂತ್ರೆ ಗಂಜಿ ನಿಲ್ತದೆ, ಮಣಿಯೆಲ್ಲ ಕೊಳವೆ ತಳದಲ್ಲಿ ಕೂತ್ಕತದೆ, ಬಾವಿ ಗಂಟ್ಲು ಕಟ್ಕತದೆ. ಆಮ್ಯಾಕೆ ಏನ್ ಮಾಡಿದ್ರೂ ಇಲ್ಲ."

"ನಿಲ್ಲದೆ ಮುನ್ನುಗ್ಗುವುದು," ದೊರೆ ಕಣ್ಣು ಮುಚ್ಚಿ ಆ ಪದಗಳನ್ನು ಸವಿದ. "ಮಂತ್ರಿಗಳೇ, ಇದನ್ನು ಬರೆದುಕೊಳ್ಳಿ. ಭಾಷಣಕ್ಕಾಗುತ್ತದೆ."

ಯೋಜನೆಗೆ ಪಾತಾಳಭೇದ ಮಹಾಭಿಯಾನ ಎಂದು ಹೆಸರಿಟ್ಟರು. ಮೂರು ಉಪಸಮಿತಿ, ಒಂದು ಲಾಂಛನ, ಒಂದು ಪ್ರಗತಿ ಪರಿಶೀಲನಾ ಸಭೆ ಮತ್ತು ಆ ಸಭೆಯ ಪ್ರಗತಿಯನ್ನು ಪರಿಶೀಲಿಸುವ ಇನ್ನೊಂದು ಸಭೆ ಹುಟ್ಟಿದವು. ಗೋರಿಕಾಯಿ ಪಲ್ಯವನ್ನು ರಾಷ್ಟ್ರದ್ರೋಹವೆಂದು ಘೋಷಿಸಿ, ಹಿತ್ತಿಲು ಹಿತ್ತಿಲು ಹೊಕ್ಕು ಬಳ್ಳಿಯನ್ನೋ ಗಿಡವನ್ನೋ ಸಿಕ್ಕಿದ್ದನ್ನು ಕಿತ್ತರು. ಈ ಆಜ್ಞೆ ಮಕ್ಕಳಿಗೆ ಬಹಳ ಹಿಡಿಸಿತು. ಕುಂಬಾರರು ಗಡಿಗೆ ಬಿಟ್ಟು ಸಾಸಿವೆ ಗಾತ್ರದ ಮಣಿ ಸುಟ್ಟರು. ಉಳಿದದ್ದು ನೀರು. ಹತ್ತು ಮೆಟ್ಟಿಲು ನೀರು ಬೇಕಾಗಿತ್ತು.

ಮಹಾಮಂತ್ರಿ ಪಲ್ಲಕ್ಕಿಯಲ್ಲಿ ಕೆರೆ ಏರಿಗೆ ಬಂದಾಗ ಚಿಕ್ಕತಾಯಮ್ಮ ತೂಬಿನ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಜವರಯ್ಯ ಜೊತೆಯಲ್ಲಿದ್ದ.

"ಮಹಿಳೆಯೇ, ತಾವು ಈ ಯೋಜನೆಯ ಪ್ರಥಮ ಫಲಾನುಭವಿ," ಎಂದ ಮಹಾಮಂತ್ರಿ.

"ಏನೋ ಕೇಳಕ್ಕೆ ಬಂದವ್ರೆ ಅಂತಾಯ್ತು," ಎಂದಳು ಚಿಕ್ಕತಾಯಮ್ಮ. "ಏನು ಬೇಕು, ಹೇಳಿ."

"ಹತ್ತು ಮೆಟ್ಟಿಲು ನೀರು."

ಅವಳು ಎಲೆಯ ತೊಟ್ಟು ಮುರಿದು ಎಸೆದಳು. "ಹತ್ತು ಹೋದ್ರೆ ನಾಕು. ನಾಕಕ್ಕೆ ಮೂವತ್ತೆರಡು ದಿನ. ಮಿಕ್ಕ ದಿನ ಊರ ಜನಕ್ಕೆ ನಿಮ್ಮ ಲಾಂಛನ ಕುಡಿಸನಾ?"

ಮಹಾಮಂತ್ರಿ ಉತ್ತರಕ್ಕಾಗಿ ಲಾಂಛನದ ಉಪಸಮಿತಿಯ ಕಡೆ ನೋಡಿದ. ಅವರು ಪಲ್ಲಕ್ಕಿಯ ನೆರಳಿನಲ್ಲಿ ನಿದ್ದೆ ಹೋಗಿದ್ದರು. ಚಿಕ್ಕತಾಯಮ್ಮ ಮೇಸ್ತ್ರಿಯ ಕಡೆ ತಿರುಗಿದಳು.

"ನೀನೇಳು ಜವರಣ್ಣ. ಇವ್ರು ಯೋಳದ್ ಬ್ಯಾಡ. ಸುರಿದ ನೀರು ವಾಪಸ್ ಬತ್ತದಾ?"

"ಸ್ವಲ್ಪ ಬತ್ತದೆ ಕನಕ್ಕ. ಉಪ್ಪು, ಗಂಜಿ ಸೇರಿರ್ತದೆ. ಎಮ್ಮೇನೂ ಮೂಸಾಕಿಲ್ಲ. ಸುಳ್ಳು ಹೇಳಿದ್ರೆ ನನ್ನ ಬಾಯಿ ಬಿದ್ದೋಗ್ಲಿ. ಆದ್ರೆ ಗಾಳಿ ಬಂತು ಅಂದ್ರೆ, ತಿಂಗಳೊಳಗೆ ಬೆಟ್ಟದಾಚೆ ನೀರು ಈ ಕೆರೇಲಿರ್ತದೆ. ನಾಕು ಮೆಟ್ಲು ಮುಗಿಯೋ ಮುಂಚೆ."

"ಗಾಳಿ ಬರದೇ ಹೋದ್ರೆ?"

ಮೇಸ್ತ್ರಿ ಹೇಳಿದ: "ನಿಲ್ಲಿಸ್ದೆ ನುಗ್ಗಿಸಿದ್ರೆ ಬತ್ತದೆ ಅಕ್ಕ. ಒಂದು ಜಾವ. ಅಷ್ಟೇ. ನಡುವೆ ನಿಲ್ಲಬಾರದು."

"ಈ ಊರಲ್ಲಿ ಒಂದು ಜಾವ ನಿಲ್ದೆ ನಡೆದ ಕೆಲ್ಸ ಯಾವುದಣ್ಣ? ನನ್ನ ಗಂಡನ್ನ ಎತ್ತೋ ಹೊತ್ನಾಗೂ ಶಂಖ ಊದಿದ್ರು. ಚಟ್ಟ ಹೊತ್ತೋರು ಬಿಸಿಲಲ್ಲಿ ಅಂಗೇ ನಿಂತಿದ್ರು. ದೊರೆಗಳು ಆವತ್ತು ಆರೋಗ್ಯದ ಮ್ಯಾಲೆ ಮಾತಾಡಿದ್ರು." ಅವಳು ಸೆರಗು ಕೊಡವಿ ಎದ್ದು ನಿಂತಳು. "ಸ್ವಾಮಿ, ನೀರು ಕೊಡ್ತೀನಿ. ಜವರಣ್ಣನ ಕೆಲ್ಸ ಮುಗಿಯೋ ಗಂಟ ಶಂಖ ಊದಕಿಲ್ಲ ಅಂತ ದೊರೆಗಳ ಕೈಲಿ ಶಾಸನ ಮಾಡಿಸ್ಕೊಂಡು ಬನ್ನಿ. ಬಾಯಿಮಾತು ಬ್ಯಾಡ. ಶಾಸನ."

ಅದನ್ನು ಕೇಳಿದ ದೊರೆಗೆ ಮೊದಲು ಬೇಸರವಾಯಿತು. ಆಮೇಲೆ ಮಹಾಮಂತ್ರಿ ವಿವರಿಸಿದ: ಮಾತನಾಡದೆ ಇರುವ ಶಕ್ತಿ ಮಾತನಾಡಬಲ್ಲವರಿಗೆ ಮಾತ್ರ ಇರುತ್ತದೆ, ಈ ತ್ಯಾಗವನ್ನು ಚರಿತ್ರೆ ನೆನೆಯುತ್ತದೆ, ಬೇಕಿದ್ದರೆ ತ್ಯಾಗದ ಕುರಿತು ಆಮೇಲೆ ಎರಡು ದಿನ ಮಾತನಾಡಬಹುದು. ದೊರೆ ಒಪ್ಪಿ ಮುದ್ರೆ ಒತ್ತಿದ. ಚಿಕ್ಕತಾಯಮ್ಮ ತಾಳೆಗರಿಯನ್ನು ಮುಟ್ಟಿ ನೋಡಿ, ಮುದ್ರೆಯ ಮೇಣ ಉಗುರಿನಿಂದ ಕೆರೆದು ನೋಡಿ, ತೂಬು ಎತ್ತಿದಳು.

ನೀರು ಕಾಲುವೆಯಲ್ಲಿ ಹರಿದು ಬಾವಿಯ ಪಕ್ಕದ ಗುಂಡಿಗಳಿಗೆ ಇಳಿಯಿತು. ಇಳಿಯಲು ಐದು ದಿನ ಹಿಡಿಯಿತು. ಐದು ದಿನವೂ ಅವಳು ಕಾಲುವೆಯ ಉದ್ದಕ್ಕೆ ನಡೆಯುತ್ತ, ಸೋರುವ ಕಡೆ ಕೆಸರು ಮೆತ್ತುತ್ತ ಇದ್ದಳು. ಹತ್ತನೆಯ ಮೆಟ್ಟಿಲು ಹೊರಬಿದ್ದಾಗ ತೂಬು ಇಳಿಸಿ, ಕಲ್ಲಿನ ಮೇಲೆ ಒಂದು ಗೆರೆ ಎಳೆದಳು.

ಗಂಜಿಯನ್ನು ಒತ್ತಲು ಪಂಪುಗಳಿದ್ದವು. ಪಂಪು ತುಳಿಯಲು ನಲವತ್ತು ಆನೆ. ಜವರಯ್ಯ ಎತ್ತು ಕೇಳಿದ್ದ. ಎತ್ತಿನಲ್ಲಿ ಗಾಂಭೀರ್ಯವಿಲ್ಲವೆಂದು ಮಹಾಮಂತ್ರಿ ಆಸ್ಥಾನದ ಆನೆಗಳನ್ನೇ ಕಳಿಸಿದ. ಅವು ಅಂಬಾರಿ ಹೊತ್ತು, ಸಾಲಾಗಿ ನಿಂತು, ಮಾವುತನ ಮಾತಿಗಿಂತ ಮುಂಚೆಯೇ ವಂದನೆ ಮಾಡಿ ಅಭ್ಯಾಸವಿದ್ದ ಆನೆಗಳು. ಸರ್ಕಾರಿ ಸೇವೆಯಲ್ಲಿ ಅವಕ್ಕೆ ಮೂವತ್ತು ವರ್ಷ ತುಂಬಿತ್ತು.

ಮುಹೂರ್ತ ಸೂರ್ಯೋದಯಕ್ಕೆ. ದೊರೆಯೂ ಅಷ್ಟು ಹೊತ್ತಿಗೆ ಬರಬೇಕಾಗಿತ್ತು. ಅವನ ಬಲಮೀಸೆಯ ಸುರುಳಿ ಎಡಮೀಸೆಗೆ ಸಮನಾಗದೆ ತಡವಾಯಿತು. ಮುಹೂರ್ತ ಮೀಸೆಗೆ ಕಾಯುವುದಿಲ್ಲ. ಜವರಯ್ಯ ಕೈ ಬೀಸಿದ, ಆನೆಗಳು ತುಳಿದವು.

ಮೊದಲು ಬರಿಯ ಗಂಜಿ. ಕೊಳವೆ ಗುಂಯ್ ಎಂದಿತು. ಒತ್ತಡ ತೋರಿಸುವ ಮುಳ್ಳು ಏರುತ್ತ ಏರುತ್ತ ಹೋಗಿ, ಒಮ್ಮೆಲೇ ಸರ್ರನೆ ಇಳಿಯಿತು. ಮೇಸ್ತ್ರಿ ಮುಳ್ಳಿನಿಂದ ಕಣ್ಣು ಕೀಳದೆ ನಕ್ಕ.

"ಸೀಳ್ತು ಅಕ್ಕಯ್ಯ! ಒಂದು ಹರದಾರಿ ಕೆಳಗೆ ಕಲ್ಲು ಬಾಯಿಬಿಡ್ತು!"

"ಇಲ್ಲಿಂದಲೇ ಗೊತ್ತಾಗೋಯ್ತಾ?" ಎಂದಳು ಪಕ್ಕದಲ್ಲಿ ನಿಂತಿದ್ದ ಚಿಕ್ಕತಾಯಮ್ಮ.

"ನಿನಗೆ ತೂಬಿನ ಸದ್ದಲ್ಲೇ ನೀರೆಷ್ಟು ಅಂತ ಗೊತ್ತಾಗಕಿಲ್ವಾ? ಅಂಗೇ. ಹಾಕ್ರಪ್ಪೋ, ಮಣಿ ಹಾಕ್ರೋ! ಮೊದ್ಲು ತೆಳ್ಳಗೆ!"

ಮಣಿ ಬಿದ್ದವು. ಗಂಜಿ ಮಣಿಗಳನ್ನು ಹೊತ್ತು ಇಳಿಯಿತು. ಅರ್ಧ ಜಾವ ಹೀಗೆ ನಡೆಯಿತು. ಎಲ್ಲವೂ ಸರಿಯಾಗಿ ನಡೆಯಿತು. ಶಿಲಾಭದ್ರದ ಚರಿತ್ರೆಯಲ್ಲಿ ಅಷ್ಟು ಹೊತ್ತು ಎಲ್ಲವೂ ಸರಿಯಾಗಿ ನಡೆದದ್ದು ಅದೇ ಮೊದಲು, ಅದೇ ಕೊನೆ. ಮೇಸ್ತ್ರಿ ಮಣಿ ದಪ್ಪ ಮಾಡಲು ಹೇಳಿದ. ಕೊಳವೆಯ ಉದ್ದಕ್ಕೂ ಮಣಿ ತುಂಬಿಕೊಂಡು ಇಳಿಯುತ್ತಿದ್ದಾಗ ದೊರೆಯ ಸಾರೋಟು ಬಂತು.

ಮಹಾಮಂತ್ರಿ ಬೆರಳು ತುಟಿಯ ಮೇಲಿಟ್ಟುಕೊಂಡೇ ಇಳಿದ. ಶಾಸನದಂತೆ ಯಾರೂ ಶಂಖ ಊದಲಿಲ್ಲ. ದೊರೆ ತುದಿಗಾಲಲ್ಲಿ ನಡೆದು ಬಂದು ಪೀಠದಲ್ಲಿ ಕೂತ. ಚಿಕ್ಕತಾಯಮ್ಮ ನೆಮ್ಮದಿಯ ಉಸಿರು ಬಿಟ್ಟಳು. ಅಷ್ಟರಲ್ಲಿ ಕಾನೂನು ಇಲಾಖೆಯವರು ಮಹಾಮಂತ್ರಿಯ ಕಿವಿಯಲ್ಲಿ ಏನೋ ಉಸುರಿದರು. ಮಹಾಮಂತ್ರಿ ದೊರೆಯ ಕಡೆ ಬಾಗಿದ.

"ಪ್ರಭು, ಸಣ್ಣದೊಂದು ತಾಂತ್ರಿಕ ಲೋಪ. ಶಂಖ ಊದಬಾರದೆಂಬ ಶಾಸನವನ್ನು ತಮ್ಮ ಸಮ್ಮುಖದಲ್ಲಿ ಇನ್ನೂ ಓದಿಲ್ಲ. ಓದದ ಶಾಸನಕ್ಕೆ ಬಲವಿಲ್ಲ. ಹಾಗಾಗಿ ಈಗ ಶಂಖ ಊದದೆ ಇರುವುದು ಕಾನೂನುಬಾಹಿರ."

"ಹಾಗಾದರೆ ಓದಿಸಿ!" ಎಂದ ದೊರೆ ಗಾಬರಿಯಾಗಿ.

ಓದಿಸಬೇಕೆಂದರೆ ವಿಧಿಯಿದೆ. ದೊರೆಯ ಶಾಸನ ಯಾವುದೇ ಆಗಲಿ, ಓದುವ ಮೊದಲು ರಾಜಶಂಖ ಊದಬೇಕು.

ಊದಿದರು.

ಗುಂಡಿಯ ಬಳಿ ಗಂಜಿ ಕಲಸುತ್ತಿದ್ದವರು ಕೈಯನ್ನು ಗಂಜಿಯಲ್ಲೇ ಇಟ್ಟು ನಿಂತರು. ಮಣಿ ಸುರಿಯುತ್ತಿದ್ದವನ ಮೊರ ಗಾಳಿಯಲ್ಲಿ ನಿಂತಿತು. ಆದರೂ ಜವರಯ್ಯ, ಇದ್ದಬದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡು ಕೂಗಿದ:

"ನಿಲ್ಲಿಸಬ್ಯಾಡ್ರಲೋ! ನಿಮ್ಮ ಕಾಲಿಗೆ ಬೀಳ್ತೀನಿ, ತುಳೀರ‍್ಲಾ! ದಂಡ ನಾನ್ ಕಟ್ತೀನಿ!"

ಇಬ್ಬರು ಮೂವರು ಮಾವುತರು ಅತ್ತಿತ್ತ ನೋಡಿ ಅಂಕುಶ ಎತ್ತಿದರು. ಅವರನ್ನು ನಾನು ಮೆಚ್ಚುತ್ತೇನೆ. ಆದರೆ ಆನೆಗಳು ಆಸ್ಥಾನದವು. ನಲವತ್ತು ಆನೆಯೂ ಎತ್ತಿದ ಕಾಲು ಎತ್ತಿದಂತೆ ಸೊಂಡಿಲು ಹಣೆಗೆ ಹಚ್ಚಿ ನಿಂತುಬಿಟ್ಟವು. ಅಂಕುಶದಿಂದ ಚುಚ್ಚಿದರೂ ಕಿವಿ ಅಲ್ಲಾಡಿಸಲಿಲ್ಲ. ಜವರಯ್ಯ ಓಡಿಹೋಗಿ ಮುಂದಿನ ಆನೆಯ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಜಗ್ಗಿದ. ಚಿಕ್ಕತಾಯಮ್ಮನೂ ಸೆರಗು ಸಿಕ್ಕಿಸಿ ಬಂದು ಇನ್ನೊಂದು ಕಾಲಿಗೆ ಜೋತುಬಿದ್ದಳು. ಆನೆ ಕಣ್ಣಂಚಿನಲ್ಲಿ ನೀರು ತುಂಬಿಕೊಂಡು, ರಾಜನಿಷ್ಠೆಯಿಂದ ನಿಂತೇ ಇತ್ತು.

ಶಾಸನವನ್ನು ಓದಿದರು: "ಈ ಮೂಲಕ ಸಮಸ್ತ ಪ್ರಜೆಗಳಿಗೂ ತಿಳಿಯಪಡಿಸುವುದೇನೆಂದರೆ, ಮೇಸ್ತ್ರಿಯ ಕೆಲಸ ಮುಗಿಯುವ ತನಕ ರಾಜಶಂಖ ಊದತಕ್ಕದ್ದಲ್ಲ; ಯಾರೂ ಯಾವ ಕಾರಣಕ್ಕೂ ಕೆಲಸ ನಿಲ್ಲಿಸತಕ್ಕದ್ದಲ್ಲ."

ಯಾರೂ ಅಲ್ಲಾಡಲಿಲ್ಲ. ಮೊದಲ ಶಂಖವಾದ ಮೇಲೆ ಎರಡನೆಯದು ಊದಬೇಕಷ್ಟೆ. ಎರಡನೆಯದು ಊದಬೇಕಾದರೆ ನಡುವೆ ದೊರೆಯ ಮಾತು ಆಗಬೇಕು. ದೊರೆ ಎಲ್ಲರ ಮುಖ ನೋಡಿದ. ನಲವತ್ತು ಆನೆ, ಆರು ನೂರು ಜನ, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಎಂಥ ಸಂಯಮಿಗೂ ಕಷ್ಟದ ಹೊತ್ತು ಅದು.

"ಎರಡೇ ಮಾತು," ಎಂದ ದೊರೆ.

ನಿಲ್ಲದೆ ಮುನ್ನುಗ್ಗುವುದು ಎಂಬ ವಿಷಯದ ಮೇಲೆ ಅವನು ಒಂದೂವರೆ ಜಾವ ಮಾತನಾಡಿದ.

ಎರಡನೇ ಶಂಖ ಊದಿದಾಗ ಆನೆಗಳು ಕಾಲಿಳಿಸಿದವು. ಪಂಪು ಒಂದು ಬೆರಳಷ್ಟೂ ಇಳಿಯಲಿಲ್ಲ. ಮುಳ್ಳು ಕೊನೆಗೆ ಹೋಗಿ ತಾಗಿ ನಡುಗಿತು. ಮೇಲಿನ ಕವಾಟ ಹಾರಿಹೋಗಿ ಗೋರಿಕಾಯಿ ಗಂಜಿ ಮೂರಾಳು ಎತ್ತರಕ್ಕೆ ಚಿಮ್ಮಿ ದೊರೆಯನ್ನೂ ಮಂತ್ರಿಯನ್ನೂ ಕಾನೂನು ಇಲಾಖೆಯನ್ನೂ ತೋಯಿಸಿತು. ದೊರೆಯ ಎರಡು ಮೀಸೆಗಳೂ ಆಗ ಸಮನಾದವು. ಗಂಜಿಯ ಹಿಂದೆಯೇ, ಮಣಿಗಳ ಸಂದಿಯಿಂದ ಹೇಗೋ ನುಸುಳಿದ ಒಂದಿಷ್ಟು ಗಾಳಿ ಪುಸ್ಸೆಂದು ಬಂತು. ಯಾರೋ ಪಂಜು ಹಿಡಿದರು. ಕೊಳವೆಯ ಬಾಯಲ್ಲಿ ಹಣತೆಯಷ್ಟು ನೀಲಿ ಉರಿ ಹತ್ತಿಕೊಂಡಿತು.

"ಅಭಿಯಾನ ಯಶಸ್ವಿ!" ಎಂದು ಮಹಾಮಂತ್ರಿ ಗಂಜಿ ಉಗುಳುತ್ತ ಕೂಗಿದ.

ಜವರಯ್ಯ ಬಾವಿಕಟ್ಟೆಯ ಮೇಲೆ ಕುಸಿದು ಕೂತಿದ್ದ. ಚಿಕ್ಕತಾಯಮ್ಮ ಪಕ್ಕಕ್ಕೆ ಬಂದು ಕೂತಳು.

"ಆಯ್ತಾ ಜವರಣ್ಣ?"

"ಗಂಟ್ಲು ಕಟ್ಕತು ಅಕ್ಕ. ಸೀಳಿತ್ತು. ಸತ್ಯವಾಗ್ಲೂ ಸೀಳಿತ್ತು."

"ನೀನು ಸರಿಯಾಗೇ ಮಾಡ್ದೆ. ನಾನೇ ಹಾಳ್ಮಾಡ್ದೋಳು. ಶಾಸನ ಬೇಕು ಅಂತ ಕೇಳ್ದೋಳು ನಾನೇ ತಾನೆ."

"ನೀನ್ ಕೇಳಿದ್ದು ಊದಬ್ಯಾಡಿ ಅಂತ ಅಕ್ಕ."

"ಹೂಂ. ಅದಕ್ಕೇ ಊದಿದ್ರು," ಎಂದಳು. ಇಬ್ಬರಿಗೂ ನಗು ಬಂತು. ಬಹಳ ಹೊತ್ತು ನಗಲಾಗಲಿಲ್ಲ.

ತನಿಖೆ ನಡೆಯಿತು. ಮಹಾಮಂತ್ರಿಯೇ ಅಧ್ಯಕ್ಷ. ಕಲ್ಲು ನಿರೀಕ್ಷಿತ ಸಹಕಾರ ನೀಡಲಿಲ್ಲವೆಂದೂ, ಸ್ತಬ್ಧಸೇವೆಯ ಸಮಯದಲ್ಲಿ ಇದ್ದ ಜಾಗ ಬಿಟ್ಟು ಓಡಿದವರು ಇಬ್ಬರೇ ಆದ್ದರಿಂದ ಉಳಿದ ಲೋಪಕ್ಕೂ ಅವರೇ ಹೊಣೆಯೆಂದೂ ವರದಿ ಹೇಳಿತು. ಜವರಯ್ಯನಿಗೆ ಗಡಿಪಾರು, ಚಿಕ್ಕತಾಯಮ್ಮನಿಗೆ ದಂಡ. ದೊರೆಗೆ ಪಾತಾಳಭೇದಿ ಎಂಬ ಬಿರುದು. ವಿದ್ವಾಂಸರು ಅದನ್ನು ಬಂಗಾರದ ಕಿರೀಟದ ಮೇಲೆ ಕೆತ್ತಿಸಿ ತೊಡಿಸಿದರು. ನಲವತ್ತು ಆನೆಗೂ ಬಡ್ತಿ. ಆ ದಿನವನ್ನು ಪ್ರತಿವರ್ಷ ನಿರಂತರ ಪ್ರಗತಿ ದಿನವಾಗಿ ಆಚರಿಸಬೇಕೆಂದು, ಅಂದು ರಾಜ್ಯಾದ್ಯಂತ ಒಂದೂವರೆ ಜಾವ ಎಲ್ಲ ಕೆಲಸ ನಿಲ್ಲಬೇಕೆಂದು ಶಾಸನವಾಯಿತು. ಕಿರೀಟದ ಖರ್ಚಿಗೆ ಉರಿಗಾಳಿ ತೆರಿಗೆ ಬಂತು. ಗಾಳಿ ಸಿಗದವರು ಎರಡರಷ್ಟು ಕಟ್ಟಬೇಕು, ಏಕೆಂದರೆ ಅವರ ಮನೆಗಳಲ್ಲಿ ದೊರೆಯ ಪಟ ಇನ್ನೂ ಕಪ್ಪಾಗುತ್ತಿತ್ತು.

ಜವರಯ್ಯ ಹೊರಟ ಬೆಳಿಗ್ಗೆ ಚಿಕ್ಕತಾಯಮ್ಮ ಒಂದು ಚೊಂಬು ನೀರು ತುಂಬಿ ಅವನ ಕೈಗೆ ಕೊಟ್ಟಳು. ಅವನು ಬೇಡವೆಂದ.

"ಕುಡ್ಕೊಂಡೋಗಣ್ಣ. ಮೂವತ್ತೆರಡು ದಿನದಲ್ಲಿ ಇದೊಂದು ಚೊಂಬು ಲೆಕ್ಕಕ್ಕೆ ಬರಾಕಿಲ್ಲ."

ಲೆಕ್ಕಕ್ಕೆ ಬಂತು. ಮೂವತ್ತೆರಡು ದಿನವಾಗಬೇಕಿದ್ದ ನೀರು ಬಿಸಿಲಿಗೆ ಇಪ್ಪತ್ತೊಂಬತ್ತು ದಿನಕ್ಕೇ ಮುಗಿಯಿತು. ಆಮೇಲೆ ಜನ ಬೆಟ್ಟದಾಚೆಯ ಹೊಳೆಗೆ ನಡೆದರು. ನಸುಕಿಗೆ ಹೊರಟರೆ ಮಧ್ಯಾಹ್ನಕ್ಕೆ ಒಂದು ಕೊಡ. ನಡೆಯಲಾರದವರು ಕೊಂಡರು. ಎಮ್ಮೆಗಳನ್ನು ಮಾರಿದರು. ಆ ಬೇಸಿಗೆಯಲ್ಲಿ ಶಿಲಾಭದ್ರದಲ್ಲಿ ಮದುವೆಗಳಾಗಲಿಲ್ಲ.

ತೂಬು ಎತ್ತಲು ನೀರಿಲ್ಲದ್ದರಿಂದ ಚಿಕ್ಕತಾಯಮ್ಮನನ್ನು ಬಾವಿಯ ಬಾಯಿಯ ಜ್ವಾಲಾಪಾಲಕಿಯಾಗಿ ನೇಮಿಸಿದರು. ನೀಲಿ ಉರಿ ಆರದಂತೆ ಸೆರಗು ಅಡ್ಡ ಹಿಡಿದು ನಿಲ್ಲುವುದು ಅವಳ ಕೆಲಸ. ಒಂದು ದಿನ ದೊರೆ ಪರಿವಾರ ಸಮೇತ ಬಂದು, ತನ್ನ ಕಾಲಡಿಯ ಬೆಂಕಿಯಲ್ಲಿ ಕಾಯಿಸಿದ ಕಾಫಿ ಕುಡಿಯಬೇಕೆಂದು ಬಯಸಿದ. ಪಾತ್ರೆ ಇಟ್ಟರು. ಪುಡಿ ತಂದರು. ಬೆಲ್ಲ ತಂದರು. ಚಿಕ್ಕತಾಯಮ್ಮ ಉರಿಯನ್ನು ಸರಿಮಾಡಿ ಕೈಕಟ್ಟಿ ನಿಂತಳು.

"ಇನ್ನೇನು ತಡ?" ಎಂದ ದೊರೆ.

"ನೀರು, ಬುದ್ಧಿ," ಎಂದಳು.

ಶಿಲಾಭದ್ರಕ್ಕೆ ಬಂದದ್ದು ಹಣತೆಯಷ್ಟು ಉರಿ. ಹೋದದ್ದು ಹತ್ತು ಮೆಟ್ಟಿಲು ನೀರು, ಒಬ್ಬ ಮೇಸ್ತ್ರಿ. ಸೌದೆ ಈಗ ಹೊರೆಗೆ ಏಳು ಕಾಸು. ನೀರು ಕೊಡಕ್ಕೆ ಒಂಬತ್ತು.